ಕೆಂಪು ಬಂಡೆಗೆ ಹೋಗುವ ಗೇಟು

ಪ್ರತಿ ವರ್ಷ ಅಕ್ಟೋಬರಿನ ಎರಡನೆಯ ಸೋಮವಾರ ಮರಳುಗಾಡಿನ ಪೊಸೊ ಸೆಕೊ ಊರಿಗೆ ಎರಡು ಬಿಳಿ ವ್ಯಾನುಗಳು ಬರುತ್ತಿದ್ದವು. ಅವುಗಳಿಂದ ಚಿತ್ರ ಕಲಿಯುವ ಹನ್ನೆರಡು ಜನ, ಹನ್ನೆರಡು ಮಡಿಚುವ ಕುರ್ಚಿ, ಹನ್ನೆರಡು ಬಿಳಿ ಕೊಡೆ ಇಳಿಯುತ್ತಿದ್ದವು. ಕೊನೆಯಲ್ಲಿ ಅವರ ಗುರು ಥರ್ಲೋ ಬ್ಯಾನಿಂಗ್ ಇಳಿದು, ಹ್ಯಾಟು ಸರಿಮಾಡಿಕೊಂಡು, ಈ ಬೆಳಕನ್ನು ತಾನೇ ತರಿಸಿದವನ ಹಾಗೆ ನಾಲ್ಕೂ ದಿಕ್ಕು ನೋಡುತ್ತಿದ್ದ. ವರ್ಷಕ್ಕೆ ಮೂರು ಮಳೆ ಬಿದ್ದರೆ ಹೆಚ್ಚು ಅನ್ನುವ ಊರಿಗೆ ಕೊಡೆ ಹೊತ್ತು ಬಂದವರನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲಿಂದ ನೋಡಿ ಒರ್ಡೆಲಾ ಕೈಮ್ಸ್, "ಅಣಬೆ ಎದ್ವು ನೋಡಿ," ಅನ್ನುತ್ತಿದ್ದಳು.

ಕೊಡೆ ಮಳೆಗಲ್ಲ, ಬಿಳಿ ಹಾಳೆಯ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕದಿರಲಿ ಅಂತ ಎಂಬುದು ಅವಳಿಗೆ ಗೊತ್ತಿತ್ತು. ಅವಳೂ ಬಯಲಲ್ಲಿ ಕೂತು ಜಲವರ್ಣದ ಚಿತ್ರ ಬರೆಯುವವಳೇ. ಆದರೆ ಅವಳು ಸೂರ್ಯನಿಗೆ ಬೆನ್ನು ಹಾಕಿ, ತನ್ನ ನೆರಳನ್ನೇ ಹಾಳೆಯ ಮೇಲೆ ಬೀಳಿಸಿಕೊಂಡು ಬರೆಯುತ್ತಿದ್ದಳು. ದೇವರು ಇಷ್ಟಗಲ ಬೆನ್ನು ಕೊಟ್ಟಿರುವಾಗ ಕೊಡೆ ಯಾತಕ್ಕೆ ಎಂಬುದು ಅವಳ ವಾದ.

ಒರ್ಡೆಲಾ ಮೂವತ್ತೊಂದು ವರ್ಷ ಊರಿನ ಶಾಲೆಯ ಅಡುಗೆಮನೆಯಲ್ಲಿ ದುಡಿದಳು. ಊರಿನಲ್ಲಿ ನಲವತ್ತರ ಒಳಗಿನ ಯಾರ ಹೆಸರು ಹೇಳಿದರೂ, ಅವರು ಚಿಕ್ಕವರಿದ್ದಾಗ ತಟ್ಟೆಯಲ್ಲಿ ಏನು ಬಿಡುತ್ತಿದ್ದರು ಎಂದು ಹೇಳಬಲ್ಲಳು. ಗಂಡ ಒರಿನ್ ಲಾರಿ ಓಡಿಸುತ್ತಿದ್ದವನು, ಅವಳ ಐವತ್ತನೆಯ ವಯಸ್ಸಿಗೆ ತೀರಿಕೊಂಡ. ಅದೇ ವರ್ಷ ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ಊಟದ ಕೋಣೆಯಲ್ಲಿ ಯಾವುದೋ ಮಗು ಮರೆತುಹೋದ ಎಂಟು ಬಣ್ಣದ ತಗಡಿನ ಡಬ್ಬಿ ಅವಳಿಗೆ ಸಿಕ್ಕಿತು. ಮೂರು ತಿಂಗಳು ಕಾದಳು, ಕೇಳಿಕೊಂಡು ಯಾರೂ ಬರಲಿಲ್ಲ. ಆಮೇಲೆ ತೆರೆದಳು. ಹೇಳಿಕೊಡುವವರಿರಲಿಲ್ಲ, ಕೆಡಿಸಿ ಕೆಡಿಸಿ ಕಲಿತಳು.

ಮರಳುಗಾಡಿನಲ್ಲಿ ಹಾಳೆ ಯಾರಿಗೂ ಕಾಯುವುದಿಲ್ಲ. ಬೇರೆ ಕಡೆ ಆಕಾಶ ಬರೆದು ಒಂದು ಕಪ್ ಕಾಫಿ ಕುಡಿಯಬಹುದಂತೆ. ಇಲ್ಲಿ ಮೇಲಿನ ಅಂಚು ಒದ್ದೆ ಮಾಡಿ ಕೆಳಗೆ ಬರುವಷ್ಟರಲ್ಲಿ ಮೇಲೆ ಒಣಗಿ ಗೀರು ಬಿದ್ದಿರುತ್ತದೆ. ಒರ್ಡೆಲಾ ಅದಕ್ಕೊಂದು ಅಳತೆ ಕಂಡುಕೊಂಡಿದ್ದಳು. ದೊಡ್ಡ ಕುಂಚ ಅದ್ದಿದ ಕೂಡಲೇ ಮನಸ್ಸಿನಲ್ಲಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಶುರುಮಾಡಿ, ಆಮೆನ್ ಅನ್ನುವ ಹೊತ್ತಿಗೆ ಆಕಾಶ ಮುಗಿಸಬೇಕು. ಇನ್ನೊಂದು ಪಾಠ ಬಿಳಿಯದು. ಅವಳ ಡಬ್ಬಿಯಲ್ಲಿ ಬಿಳಿ ಇರಲಿಲ್ಲ. ಎಲ್ಲಿ ಬೆಳಕು ಬೇಕೋ ಅಲ್ಲಿ ಹಾಳೆಯನ್ನು ಮುಟ್ಟದೆ ಬಿಡಬೇಕು. ಕೈ ಸುಮ್ಮನಿರಲು ಕಲಿಯುವುದಕ್ಕೆ ಅವಳಿಗೆ ಆರು ವರ್ಷ ಹಿಡಿಯಿತು.

ಹೀಗೆ ತಾನಾಗಿ ಕಲಿತವಳಿಗೆ ಗುರುವಿನಿಂದ ಹೇಳಿಸಿಕೊಂಡು ಕಲಿಯುವವರನ್ನು ಕಂಡರೆ ಆಗುತ್ತಿರಲಿಲ್ಲ. ಪ್ರತಿ ವರ್ಷ ಆ ವಾರದ ಕೊನೆಗೆ ಚರ್ಚಿನ ಸಭಾಂಗಣದಲ್ಲಿ ಕೊಡೆಯವರು ತಮ್ಮ ಚಿತ್ರ ತೂಗುಹಾಕುತ್ತಿದ್ದರು. ಒರ್ಡೆಲಾ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಹಾಗೆ ಒಂದೊಂದರ ಮುಂದೆಯೂ ನಿಂತು ಬರುತ್ತಿದ್ದಳು. ನೆರಳೆಂದರೆ ನೇರಳೆ ಬಣ್ಣ ಎಂದು ಥರ್ಲೋ ಯಾವಾಗಲೋ ಹೇಳಿಕೊಟ್ಟಿದ್ದ, ಹನ್ನೆರಡು ಜನವೂ ಊರನ್ನೆಲ್ಲ ನೇರಳೆ ರಸದಲ್ಲಿ ಅದ್ದಿ ತೆಗೆದಿರುತ್ತಿದ್ದರು. ಬೆಳಗ್ಗೆ ಏಳಕ್ಕೆ ಶುರುಮಾಡಿ ಸಂಜೆಯವರೆಗೂ ತಿದ್ದುತ್ತಿದ್ದರಾದ್ದರಿಂದ ಮರದ ನೆರಳು ಎಡಕ್ಕೆ, ಮನೆಯ ನೆರಳು ಬಲಕ್ಕೆ ಬಿದ್ದಿರುತ್ತಿತ್ತು. ಒಮ್ಮೆ ಒರ್ಡೆಲಾ ಥರ್ಲೋನನ್ನೇ ಕರೆದು, "ಮಿಸ್ಟರ್ ಬ್ಯಾನಿಂಗ್, ನಿಮ್ಮ ದೇಶದಲ್ಲಿ ಸೂರ್ಯ ಎಷ್ಟು ಮಂದಿ?" ಎಂದು ಕೇಳಿದ್ದಳು. ಅರ್ಥವಾಗದೆಯೇ ಅವನು ನಕ್ಕ. ಆ ನಗುವನ್ನೂ ಅವಳು ಕ್ಷಮಿಸಲಿಲ್ಲ.

ಅವಳ ಜಾಗ ಊರಿನಿಂದ ಒಂಬತ್ತು ಮೈಲಿ ದೂರದ ಡೆಲ್ಫಿನೊ ಲುಸೆರೊನ ಹುಲ್ಲುಗಾವಲಿನೊಳಗಿತ್ತು. ರಸ್ತೆಯಿಂದ ಒಂದು ಕಬ್ಬಿಣದ ಗೇಟು ದಾಟಿ ಮೇಲಕ್ಕೆ ಹೋದರೆ, ಒಣ ಹಳ್ಳದ ಆಚೆ ಕೆಂಪು ಬಂಡೆಯ ಗೋಡೆ. ಹತ್ತೊಂಬತ್ತು ವರ್ಷದಿಂದ ಅವಳು ಅದೊಂದನ್ನೇ ಬರೆಯುತ್ತಿದ್ದಳು. ಬೇರೆಯದನ್ನು ಬರೆದು ನೋಡಿದ್ದಳು, ಕೈ ಕೇಳಲಿಲ್ಲ. ಎಲ್ಲಿ ಕೂರುತ್ತೇನೆ ಎಂದು ಯಾರಿಗೂ ಹೇಳಿದವಳಲ್ಲ. ಮುದುಕ ಡೆಲ್ಫಿನೊ ಅವಳಿಗೆ ಒಳಗೆ ಹೋಗಲು ಬಿಟ್ಟದ್ದು ಒಂದು ಸಲ ತಲೆಯಾಡಿಸಿ, ಅಷ್ಟೇ. ಆ ತಲೆಯಾಟದ ಮೇಲೆ ಅವಳ ಬೆಳಗುಗಳೆಲ್ಲ ನಿಂತಿದ್ದವು. ಈಚೆಗೆ ಎರಡು ವರ್ಷದಿಂದ ಥರ್ಲೋ ಕೂಡ ಡೆಲ್ಫಿನೊನ ಅಪ್ಪಣೆ ಪಡೆದು, ವಾರದಲ್ಲಿ ಒಂದು ದಿನ ತನ್ನ ಮಂದೆಯನ್ನು ಅಲ್ಲಿಗೆ ತರುತ್ತಿದ್ದ. ಅದನ್ನು ಒರ್ಡೆಲಾ ಕಳ್ಳತನವೆಂದೇ ಎಣಿಸಿದ್ದಳು.

ಇದು ನಡೆದ ವರ್ಷ, ಅವರು ಬಂದ ಮರುದಿನ ಮಂಗಳವಾರ ಬೆಳಗ್ಗೆ ಅವಳು ಹೋದಾಗ ಗೇಟು ಹಾರು ಹೊಡೆದಿತ್ತು. "ಅವ್ರಪ್ಪನ ಮನೆ ಬಾಗಿಲು," ಎಂದು ಕೊಡೆಯವರನ್ನು ಬೈದುಕೊಂಡು, ಪಿಕಪ್ಪನ್ನು ಒಳಗೆ ತಂದು, ಇಳಿದು ಗೇಟು ಮುಚ್ಚಿ, ಕಟ್ಟುವ ತಂತಿ ಸರಿಗೆಯನ್ನು ಕಂಬಕ್ಕೆ ಎರಡು ಸುತ್ತು ಬಿಗಿದಳು. ಒಂಬತ್ತೂವರೆಗೆ ಹೊರಗೆ ಬಂದಾಗಲೂ ಹಾಗೆಯೇ ಬಿಗಿದು ಬಂದಳು. ಊರಿಗೆ ಬಂದರೆ ಹನ್ನೆರಡು ಕೊಡೆಗಳೂ ಹಳೆಯ ಮಣ್ಣಿನ ಚರ್ಚಿನ ಎದುರು ಸಾಲಾಗಿ ನಿಂತಿದ್ದವು. ಆ ಚರ್ಚೂ ನೇರಳೆಯಾಗುತ್ತಿತ್ತು. ಮನೆಗೆ ಹೋಗುವವರೆಗೂ ಅವಳು ಒಬ್ಬಳೇ ನಗುತ್ತಿದ್ದಳು.

ಬುಧವಾರ ಒಂದು ಸಾವಿನ ಊಟಕ್ಕೆ ಚರ್ಚಿನಲ್ಲಿ ಬೀನ್ಸ್ ಬೇಯಿಸುವ ಕೆಲಸ ಅವಳ ಪಾಲಿಗೆ ಬಿತ್ತು. ಗುರುವಾರ ಗೇಟಿನ ಹತ್ತಿರದವರೆಗೆ ಹೋದಳು, ಒಳಗೆ ಬಿಳಿ ವ್ಯಾನುಗಳನ್ನು ಕಂಡದ್ದೇ, ಬೇರೇನನ್ನೂ ನೋಡದೆ, ಇಳಿಯದೆ ಅಲ್ಲಿಂದಲೇ ತಿರುಗಿಸಿಕೊಂಡು ಬಂದಳು.

ಶುಕ್ರವಾರ ಬೆಳಗ್ಗೆ ಅಂಚೆ ಕಚೇರಿಯಲ್ಲಿ ಊರಿನ ಅರ್ಧ ಜನ ಟಪಾಲಿಗೆ ನಿಂತಿರುವಾಗ ಡೆಲ್ಫಿನೊ ಬಂದ. ಎಂಬತ್ತು ದಾಟಿದವನು, ದನಿ ಏರಿಸುವ ಮನುಷ್ಯನಲ್ಲ. ಥರ್ಲೋ ತನ್ನ ಶಿಷ್ಯೆಯರಿಬ್ಬರ ಜೊತೆ ಕೌಂಟರಿನಲ್ಲಿ ಅಂಚೆಚೀಟಿ ಕೊಳ್ಳುತ್ತಿದ್ದ. ಡೆಲ್ಫಿನೊ ಅವನ ಪಕ್ಕದಲ್ಲಿ ನಿಂತು, ನಡೆದದ್ದನ್ನು ಮೆಲ್ಲನೆ ಹೇಳಿದ. ಮೇಲಿನ ತೊಟ್ಟಿಯ ಪಂಪು ಕೆಟ್ಟಿತ್ತು. ದನಗಳು ಗೇಟಿನ ಹೊರಗೆ ರಸ್ತೆ ಪಕ್ಕದ ಕೆಳಗಿನ ತೊಟ್ಟಿಗೆ ಬಂದು ಕುಡಿಯಲಿ ಅಂತ ಮಂಗಳವಾರ ನಸುಕಿನಲ್ಲಿ ತಾನೇ ಗೇಟು ತೆರೆದಿಟ್ಟು, ಪಂಪಿನ ಸಾಮಾನಿಗೆ ದೂರದ ಪೇಟೆಗೆ ಹೋಗಿದ್ದ. ಗುರುವಾರ ಸಂಜೆ ಬಂದರೆ ಗೇಟು ಮುಚ್ಚಿತ್ತು. ಮೂರು ದಿನ ನೀರಿಲ್ಲದೆ ದನಗಳು ಬೇಲಿಗುಂಟ ನಡೆದೂ ನಡೆದೂ ನೆಲ ಹುಡಿಯಾಗಿತ್ತು. ಒಂದು ಮುದಿ ಹಸು ಬಿದ್ದಲ್ಲೇ ಸತ್ತಿತ್ತು, ಅದರ ಕರು ಪಕ್ಕದಲ್ಲಿ ನಿಂತಿತ್ತು.

ಹುಲ್ಲುಗಾವಲಿನ ಸೀಮೆಯಲ್ಲಿ ಕಾನೂನು ಇರುವುದು ಒಂದೇ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗು. ತೆರೆದಿದ್ದರೆ ತೆರೆದು, ಮುಚ್ಚಿದ್ದರೆ ಮುಚ್ಚಿ. ತೊದಲುವ ಮಗುವಿಗೂ ಅದು ಗೊತ್ತು.

ಥರ್ಲೋನ ಶಿಷ್ಯೆಯರಲ್ಲಿ ನದೀನ್ ಎಂಬ ಸಣಕಲು ಹೆಂಗಸು ಬಿಳಿಚಿಕೊಂಡಳು. ಗುರುವಾರ ಗೇಟು ತೆಗೆದವಳು ತಾನು ಎಂದಳು. ಮುಚ್ಚಿತ್ತು, ತೆಗೆದೆ. ದನಗಳು ನುಗ್ಗಿ ಬಂದವು, ಹ್ಯಾಟಿನಿಂದ ಹಿಂದಕ್ಕೆ ಅಟ್ಟಿ ಮತ್ತೆ ಮುಚ್ಚಿದೆ. ಇದ್ದ ಹಾಗೇ ಬಿಡಬೇಕು ಅಂತ ಗುರುಗಳು ಹೇಳಿದ್ದರು. ಆಮೇಲೆ ದನಗಳು ಬೆಳಗ್ಗೆಯೆಲ್ಲ ಗೇಟಿನ ಹತ್ತಿರವೇ ನಿಂತಿದ್ದವು. ಇಷ್ಟು ಹೇಳಿ ಅವಳು ತಡವರಿಸಿದಳು.

"ನಾವು ಅವುಗಳ ಚಿತ್ರ ಬರೆದ್ವಿ," ಎಂದಳು. "ಅಲುಗಾಡದೆ ನಿಂತಿದ್ವು. ನಮ್ಮ ಮೇಲೆ ಪ್ರೀತಿ ಅಂದ್ಕೊಂಡ್ವಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಒರ್ಡೆಲಾಗೆ ತಡೆಯಲಾಗಲಿಲ್ಲ. "ಬಾಯಾರಿದ ದನ, ಪ್ರೀತಿಯ ದನ, ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ ಕುಂಚ ಕೊಟ್ಟವರು ಯಾರಮ್ಮ?" ಎಂದಳು. ಈ ಸಲ ಎಲ್ಲರೂ ನಕ್ಕರು. ನದೀನ್ ಅಳತೊಡಗಿದಳು. ಮುಚ್ಚಿದ್ದ ಗೇಟನ್ನೇ ಮುಚ್ಚಿದ್ದು ಎಂದು ಥರ್ಲೋ ಎರಡು ಸಲ ಹೇಳಿದ, ಯಾರೂ ಕೇಳಿಸಿಕೊಳ್ಳಲಿಲ್ಲ. ಡೆಲ್ಫಿನೊ ಅವನಿಗೆ, ಮಂಗಳವಾರ ಮುಚ್ಚಿದವರೂ ನಿಮ್ಮವರೇ ಇರಬೇಕು, ಇನ್ನು ನಿಮಗೆ ನನ್ನ ನೆಲದಲ್ಲಿ ಕಾಲಿಡಲು ಅಪ್ಪಣೆಯಿಲ್ಲ, ಗೇಟಿಗೆ ಬೀಗ ಹಾಕಿದ್ದೇನೆ ಎಂದ. ಆಮೇಲೆ ಜೇಬಿನಿಂದ ಒಂದು ಕೀಲಿಕೈ ತೆಗೆದು ಎಲ್ಲರೆದುರಿಗೆ ಒರ್ಡೆಲಾಳ ಅಂಗೈಯಲ್ಲಿಟ್ಟ. "ನೀನು ನಮ್ಮವಳು, ನಿನಗೆ ಹೇಳ್ಬೇಕಾದ್ದಿಲ್ಲ."

ಅಂಚೆ ಕಚೇರಿಯಿಂದ ನೇರ ಬಂಡೆಗೆ ಹೊರಟಳು. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಸುಖವಾಗಿ ಅವಳು ಆ ಒಂಬತ್ತು ಮೈಲಿ ಹೋದದ್ದಿಲ್ಲ. ಬಂಡೆ ಅವಳೊಬ್ಬಳದಾಗಿತ್ತು. ಕೊಡೆಗಳ ಕಾಟ ತೊಲಗಿತ್ತು, ಅದೂ ಅವಳು ಬೆರಳೆತ್ತದೆ. ಗೇಟಿನ ಮುಂದೆ ಇಳಿದಳು. ಹೊಸ ಸರಪಳಿ, ಹೊಸ ಬೀಗ. ಮಂಗಳವಾರ ಅವಳು ಬಿಗಿದಿದ್ದ ಸರಿಗೆಯನ್ನು ಡೆಲ್ಫಿನೊ ಬಿಚ್ಚಿ ಕಂಬಕ್ಕೆ ಸಿಕ್ಕಿಸಿದ್ದ. ಎರಡು ಸುತ್ತಿನ ಗುರುತು ಅದರಲ್ಲಿ ಇನ್ನೂ ಇತ್ತು.

ಆ ಗುರುತು ಏನು ಹೇಳುತ್ತಿದೆ ಎಂಬುದನ್ನು ಮೊದಲು ಅವಳ ತಲೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಅವರೇ ತೆರೆದದ್ದು, ನಾನು ಸರಿಮಾಡಿದೆ ಎಂದುಕೊಂಡಳು. ಆದರೆ ತೆರೆದವನು ಡೆಲ್ಫಿನೊ. ಅಂಚೆ ಕಚೇರಿಯಲ್ಲಿ ಅವನೇ ಹೇಳಿದ್ದ, ನಗುವ ಭರದಲ್ಲಿ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಹಾಗಾದರೆ ನನ್ನ ಹಿಂದೆ ಇನ್ಯಾರೋ ಬಂದು ತೆರೆದು ಮುಚ್ಚಿರಬೇಕು ಎಂದುಕೊಂಡಳು. ಮಂಗಳವಾರ ಆ ಹನ್ನೆರಡೂ ಜನ ಚರ್ಚಿನ ಎದುರಿದ್ದರು. ತಾನೇ ಕಣ್ಣಾರೆ ಕಂಡಿದ್ದಳು, ನಕ್ಕಿದ್ದಳು. ಗೇಟು ತೆರೆದಿರುವುದನ್ನು ಕಂಡಾಗ, ಇದನ್ನು ಯಾಕೆ ತೆರೆದಿದ್ದಾರೆ ಎಂದು ಅವಳು ಒಂದು ಕ್ಷಣವೂ ಯೋಚಿಸಿರಲಿಲ್ಲ. ಹುಲ್ಲುಗಾವಲಿನ ಊರಲ್ಲೇ ಹುಟ್ಟಿದವಳು. ಯಾರ ತಪ್ಪೆಂದು ಮೊದಲೇ ತೀರ್ಮಾನಿಸಿಕೊಂಡೇ ಮನೆಯಿಂದ ಹೊರಟಿದ್ದಳು.

ಬೀಗ ತೆಗೆದು ಒಳಗೆ ಹೋದಳು. ತನ್ನ ಜಾಗದಲ್ಲಿ ಕೂತು ಹಾಳೆ ಬಿಗಿದು ದೊಡ್ಡ ಕುಂಚ ಅದ್ದಿದಳು. ಪ್ರಾರ್ಥನೆ ಎಂದಿನಂತೆ ತಾನಾಗಿ ಶುರುವಾಯಿತು. 'ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬಲ್ಲಿಗೆ ಬಂದು ನಿಂತಿತು. ಕೈಯೂ ನಿಂತಿತು. ಆಕಾಶ ಅರ್ಧಕ್ಕೇ ಒಣಗಿ, ನಡುವೆ ಒಂದು ಗಟ್ಟಿ ಗೀರು ಉಳಿಯಿತು. ಹಳ್ಳದ ಆ ಬದಿಯಲ್ಲಿ ರಣಹದ್ದುಗಳು ಇಳಿಯುತ್ತಿದ್ದವು.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸೋಮವಾರ ಅವರು ಹೊರಟುಹೋಗುತ್ತಾರೆ. ಆ ಸಣಕಲು ಹೆಂಗಸು ಹಸುವನ್ನು ಕೊಂದವಳು ತಾನೇ ಎಂದುಕೊಂಡು ಆ ಭಾರವನ್ನು ತನ್ನ ಊರಿಗೆ ಹೊತ್ತುಕೊಂಡು ಹೋಗುತ್ತಾಳೆ, ಅಷ್ಟೇ. ಕೀಲಿಕೈ ತನ್ನಲ್ಲೇ ಇರುತ್ತದೆ. ಮಧ್ಯಾಹ್ನದವರೆಗೆ ಒರ್ಡೆಲಾ ಅಲ್ಲೇ ಕೂತಳು. ಎರಡನೆಯ ಹಾಳೆ ತೆಗೆಯಲಿಲ್ಲ.

ಡೆಲ್ಫಿನೊ ತನ್ನ ಅಡುಗೆಮನೆಯಲ್ಲಿ ಬೀನ್ಸ್ ಮತ್ತು ಹಸಿಮೆಣಸಿನ ಗೊಜ್ಜನ್ನು ತೊರ್ತಿಯಾ ರೊಟ್ಟಿಯಲ್ಲಿ ಸುತ್ತಿಕೊಂಡು ತಿನ್ನುತ್ತಿದ್ದ. ಕೂರು ಅಂದ. ಅವಳು ಕೂರಲಿಲ್ಲ.

"ಡೆಲ್ಫಿನೊ ಯಜಮಾನ್ರೇ, ಮಂಗಳವಾರ ಗೇಟು ಮುಚ್ಚಿದ್ದು ನಾನು."

ಅವನು ಅಗಿಯುವುದನ್ನು ಮುಗಿಸಿದ. "ತೆರೆದಿತ್ತಲ್ಲ."

"ತೆರೆದಿತ್ತು. ಅವರು ತೆರೆದು ಹೋದ್ರು ಅಂದ್ಕೊಂಡೆ."

"ಅವರು ಅಲ್ಲಿದ್ರಾ?"

"ಇರ್ಲಿಲ್ಲ."

"ಚಕ್ರದ ಗುರುತು ನೋಡಿದ್ಯಾ?"

"ಇಲ್ಲ."

"ಮತ್ತೆ ಏನು ನೋಡ್ದೆ?"

ಹತ್ತೊಂಬತ್ತು ವರ್ಷ ಒಂದೇ ಜಾಗವನ್ನು ನೋಡುವುದೇ ತನ್ನ ಕಸುಬು ಎಂದುಕೊಂಡಿದ್ದವಳು, ಮೇಜಿನ ಮೇಲೆ ಕೀಲಿಕೈ ಇಟ್ಟಳು. ಅವನು ಅದನ್ನು ಬೇಡವೆನ್ನುತ್ತಾನೆ ಎಂಬ ಆಸೆ ಒಂದು ಎಳೆಯಷ್ಟು ಇತ್ತು. ಅವನು ಅನ್ನಲಿಲ್ಲ. ಅಂಚೆ ಕಚೇರಿಯಲ್ಲಿ ಥರ್ಲೋನ ಮೇಲೆ ಇಲ್ಲದಿದ್ದ ತಿರಸ್ಕಾರ ಈಗ ಅವನ ಮುಖದಲ್ಲಿತ್ತು.

"ಅವರು ಹೊರಗಿನವರು, ಅವರಿಗೆ ತಿಳಿಯೋದಿಲ್ಲ," ಎಂದ. "ಆ ಹೆಂಗಸಾದ್ರೂ ಹೇಳಿದ್ದನ್ನ ಹೇಳಿದ ಹಾಗೆ ಮಾಡಿದ್ಲು. ನಿನಗೆ ತಿಳಿದಿತ್ತು." ತಟ್ಟೆಯನ್ನು ರೊಟ್ಟಿಯ ಚೂರಿನಿಂದ ಒರೆಸಿದ. "ಬೀಗ ತೆಗೀತೀನಿ. ಅವರು ಬರಲಿ. ಹೋಗಿ ನೀನೇ ಹೇಳು."

"ನಾನು ಬರ್ಬೋದಾ?"

"ನೀನು ಬೇಡ."

ಎಷ್ಟು ದಿನ ಎಂದು ಅವಳು ಕೇಳಲಿಲ್ಲ. ಎಂಬತ್ತೆರಡು ವರ್ಷದವನ ಹತ್ತಿರ ಅದನ್ನು ಕೇಳುವುದು ಚೆನ್ನಾಗಿರುವುದಿಲ್ಲ.

ಶನಿವಾರ ಬೆಳಗ್ಗೆ ಅವರು ಉಳಿದುಕೊಂಡಿದ್ದ ಮೋಟೆಲಿನ ತಿಂಡಿ ಕೋಣೆಯಲ್ಲಿ ಹನ್ನೆರಡು ಜನವೂ ಇದ್ದರು. ಅವಳು ಬಾಗಿಲಲ್ಲಿ ನಿಂತೇ ಹೇಳಿದಳು. ಸುತ್ತಿಬಳಸಲಿಲ್ಲ, ಅಳಲೂ ಇಲ್ಲ. ಗೇಟು ಮುಚ್ಚಿದ್ದು ನಾನು, ಹಸು ಸತ್ತದ್ದು ನನ್ನಿಂದ, ಬಂಡೆಗೆ ನೀವು ಹೋಗಬಹುದು, ನಾನು ಹೋಗುವ ಹಾಗಿಲ್ಲ. ಅಂಚೆ ಕಚೇರಿಯಲ್ಲಿ ಅಂದ ಮಾತು ಅನ್ನಬಾರದಿತ್ತು ಎಂದು ನದೀನಳ ಕಡೆ ತಿರುಗಿ ಹೇಳಿದಳು. ಥರ್ಲೋ ಎದ್ದು ನಿಂತು, ಕ್ಷಮೆ, ಕಲೆ, ಬೆಳಕು ಎಂದು ಏನೋ ದೊಡ್ಡದಾಗಿ ಶುರುಮಾಡಿದ. ತಪ್ಪು ಮಾಡಿದವಳು ನಾನಾದರೂ ಈ ಮನುಷ್ಯ ಪೆದ್ದನೇ ಎಂದು ಅವಳಿಗೆ ಅನ್ನಿಸಿತು, ಅದಕ್ಕೆ ಅವಳೇನೂ ಮಾಡುವ ಹಾಗಿರಲಿಲ್ಲ.

ನದೀನ್ ಅವನ ಮಾತನ್ನು ಅರ್ಧಕ್ಕೆ ತಡೆದಳು. "ನೀವು ಅಲ್ಲಿ ಎಲ್ಲಿ ಕೂತ್ಕೋತಿದ್ರಿ?"

ಆ ಜಾಗವನ್ನು ಒರ್ಡೆಲಾ ತೀರಿಹೋದ ಗಂಡ ಒರಿನ್‌ನ ಸಮಾಧಿಯ ಹತ್ತಿರವೂ ಹೇಳಿರಲಿಲ್ಲ.

"ಹಳ್ಳ ದಾಟಿ ಎಡಕ್ಕೆ ಹೋಗಿ," ಎಂದಳು. "ಒಂದು ಮುರಿದ ಜುನಿಪರ್ ಮರ ಇದೆ, ಅದರ ಬುಡದಲ್ಲಿ ಚಪ್ಪಟೆ ಕಲ್ಲು. ಬಂಡೆ ಪೂರ್ತಿ ಕಾಣ್ಸೋದು ಅಲ್ಲಿಂದ ಮಾತ್ರ."

ನದೀನ್ ಕಾಗದದ ಕರವಸ್ತ್ರದ ಮೇಲೆ ಬರೆದುಕೊಂಡಳು. ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿದಳು.

"ಒಂಬತ್ತಕ್ಕೆ, ದಕ್ಷಿಣದಿಂದ. ಹಾಳೆಯ ಮೇಲೆ ಮರಳು ತರತ್ತೆ. ಅಷ್ಟರೊಳಗೆ ಮುಗಿಸ್ಕೊಳ್ಳಿ."