ಹೊಲಿಗೆಯಕ್ಕನೂ ಮರ ಕೊಯ್ಯುವವರ ಗುಂಪೂ

ಹೊಲಿಗೆಯಕ್ಕನಿಗೆ ಯಾರ ಮಾತನ್ನೂ ಕೇಳಿದ ಕೂಡಲೇ ನಂಬುವ ಅಭ್ಯಾಸವಿರಲಿಲ್ಲ. ಹಾಗಂತ ಯಾರನ್ನೂ ಸುಳ್ಳುಗಾರ ಎಂದವಳೂ ಅಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಬೀದಿಯವರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೂದಲು ಬೆಳ್ಳಗಾಗಿಸಿಕೊಂಡವಳು. ಗಂಡ ಹೋದ ಮೇಲೆ ತಮ್ಮನೂ ಅದೇ ಮನೆಗೆ ಬಂದಿದ್ದ. ಅವನದು ಬೀದಿಯ ಮೂಲೆಯಲ್ಲಿ ಕ್ಷೌರದಂಗಡಿ. ಕೈ ಬಲು ಹಗುರ. ಅವನ ಕುರ್ಚಿಯಲ್ಲಿ ಕೂತವರು ಕತ್ತಿ ಕೆನ್ನೆಗೆ ತಾಗುವ ಮೊದಲೇ ತೂಕಡಿಸುತ್ತಿದ್ದರು.

ಗಾಳಿ ಜೋರಾಗಿ ಬೀಸಿದ ಮಾರನೆಯ ಬೆಳಿಗ್ಗೆ ನೋಡಿದರೆ ಹಿತ್ತಲಿನ ದೊಡ್ಡ ಮರ ಉರುಳಿ, ಪಕ್ಕದ ಎಳೆಮರದ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಎಳೆಮರ ಬೇರು ಕಿತ್ತುಕೊಳ್ಳದೆ ಬಿಲ್ಲಿನ ಹಾಗೆ ಬಾಗಿ, ಹೊಲಿಗೆ ಕೋಣೆಯ ಬಾಗಿಲಿಗೆ ಅಡ್ಡ ನಿಂತಿತ್ತು. ಅಕ್ಕ ಒಳಗೆ ಹೋಗುವ ಹಾಗಿಲ್ಲ.

ತಮ್ಮ ಆಗಲೇ ಭಾವನ ಕಾಲದ ಚೈನ್ ಗರಗಸ ಹೊರಗೆ ತಂದಿದ್ದ. ಒಲೆಗೆ ಬೇಕಾದ ಪುಳ್ಳೆ ಬಿಟ್ಟರೆ ಅದರಲ್ಲಿ ಅವನು ಏನೂ ಕೊಯ್ದವನಲ್ಲ. ಆದರೆ ಮೊಬೈಲಿನಲ್ಲಿ ಮರ ಕೊಯ್ಯುವ ಹವ್ಯಾಸದವರದೊಂದು ಗುಂಪಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನಿಗೆ ಅದೇ ಕಾಲಕ್ಷೇಪ.

“ಕೇಳಾಯ್ತು ಅಕ್ಕ. ಬಾಗಿರೋ ಕಡೆ ನಡುಮಧ್ಯಕ್ಕೆ, ಮೇಲಿಂದ ಒಂದೇ ಏಟಿಗೆ ಇಳಿಸು ಅಂದಿದ್ದಾನೆ ಉಕ್ಕಿನ ಕೈ.”

“ಯಾರೋ ಅದು?”

“ಗುಂಪಲ್ಲಿ ಅವನು ಇಟ್ಟುಕೊಂಡಿರೋ ಹೆಸರು. ದೊಡ್ಡ ಕುಳ. ಅವನು ಸೀನಿದರೂ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ.”

“ಎತ್ತೋದಕ್ಕೆ ಅವರಿಗೇನು ಕಷ್ಟ? ನಿನ್ನ ಹೆಬ್ಬೆರಳು ಹೋದರೆ ಕತ್ತರಿ ಹಿಡಿಯೋರು ಯಾರು?”

ತಮ್ಮ ನಕ್ಕ. ಅಕ್ಕ ನಗಲಿಲ್ಲ. ಕಟ್ಟೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡು ಹೇಳಿದಳು: “ಹೊಸ ಗಿರಾಕಿ ನನ್ನ ಹತ್ತಿರ ಮೊದಲಿಗೇ ಒಳ್ಳೇ ಬಟ್ಟೆ ತರಲ್ಲ ಕಣೋ. ದಿಂಬಿನ ಚೀಲ ಹೊಲಿಸಿಕೊಂಡು, ತಿರುಗಿಸಿ ಒಳಗಿನ ಹೊಲಿಗೆ ನೋಡ್ತಾರೆ. ನೀನೂ ಹಾಗೇ ಮಾಡು. ನಮಗೆ ಉತ್ತರ ಗೊತ್ತಿರೋದೊಂದು ಕೇಳು. ಗರಗಸ ಸುಮ್ಮನೆ ಇಟ್ಟಿದ್ದರೂ ಕೆಳಗೆ ಎಣ್ಣೆ ಒಸರುತ್ತೆ, ಏನು ಮಾಡೋದು ಅಂತ ಬರಿ.”

“ಅದು ಮೊದಲಿಂದಲೂ ಹಾಗೇ ಅಲ್ವಾ? ಭಾವ ತಟ್ಟೆ ಇಡ್ತಿದ್ದರು.”

“ಅದಕ್ಕೇ ಕೇಳು ಅಂದಿದ್ದು.”

ಉಕ್ಕಿನ ಕೈಯ ಉತ್ತರ ಬರಲು ತಡವಾಗಲಿಲ್ಲ: ಯಂತ್ರ ಕೆಟ್ಟಿದೆ, ಎಣ್ಣೆ ಬರುವ ತೂತಿಗೆ ಅಂಟು ತುಂಬಿಬಿಡಿ. ಹೆಬ್ಬೆರಳುಗಳು ಸಾಲಾಗಿ ಎದ್ದವು.

ಅಕ್ಕ ಓದಿಸಿ ಕೇಳಿದಳು. “ತೂತು ಮುಚ್ಚಿದರೆ ಚೈನಿಗೆ ಎಣ್ಣೆ ಎಲ್ಲಿಂದ ಬರುತ್ತೆ? ಒಣಗಿ ಸುಟ್ಟು ಹೋಗಲ್ವಾ?”

ಬಹಳ ಹೊತ್ತಿನ ಮೇಲೆ ಇನ್ನೊಬ್ಬ ಬರೆದ. ಅವನು ಗುಂಪಿನಲ್ಲಿ ಇಟ್ಟುಕೊಂಡ ಹೆಸರು ಮುದಿ ಗೂಬೆ. ‘ಎಷ್ಟು ಒಸರುತ್ತೆ? ಒಂದೆರಡು ಚಮಚ ಆದರೆ ಅದು ರೋಗವಲ್ಲ. ಕೆಳಗೊಂದು ತಟ್ಟೆ ಇಡಿ.’ ಅದಕ್ಕೆ ಒಂದು ಹೆಬ್ಬೆರಳೂ ಬೀಳಲಿಲ್ಲ.

“ಈ ಗೂಬೆ ಆಗಬಹುದು,” ಅಂದಳು ಅಕ್ಕ.

“ಹಾಗಾದರೆ ಮರಕ್ಕೂ ಇವನನ್ನೇ ಕೇಳಿ, ಹೇಳಿದ ಹಾಗೆ ಕೊಯ್ತೀನಿ.”

“ತಡಿಯೋ. ದಿಂಬಿನ ಚೀಲ ನೆಟ್ಟಗೆ ಹೊಲಿದವನಿಗೆ ಕೋಟೂ ಬರುತ್ತೆ ಅಂತ ಏನಿದೆ? ಮರ ಹೇಗಿದೆ ಅಂತ ಅವನಿಗೆ ತೋರಿಸು.”

ಫೋಟೋ ಕಳಿಸಿದರೆ ಗೂಬೆ ಪಕ್ಕದಿಂದ ತೆಗೆದ ಇನ್ನೊಂದು ಕೇಳಿದ. ಆಮೇಲೆ ಬರೆದ: ‘ನಾನು ನೆಲದ ಮೇಲೆ ಮಲಗಿದ ಮರಗಳನ್ನಷ್ಟೇ ಕೊಯ್ದವನು. ಇದು ಎಳೆದು ಹಿಡಿದ ಬಿಲ್ಲು. ಮೇಲಿಂದ ಕೊಯ್ದರೆ ಸಿಡಿಯುತ್ತದೆ ಎಂಬುದಷ್ಟು ಗೊತ್ತು. ಹೇಗೆ ಇಳಿಸಬೇಕೋ ನನಗೆ ತಿಳಿಯದು. ಕಸುಬಿನವರನ್ನು ಕರೆಯಿರಿ.’

ತಮ್ಮನಿಗೆ ಸಪ್ಪೆಯಾಯಿತು. “ಗೊತ್ತಿಲ್ಲ ಅನ್ನೋಕೆ ಇಷ್ಟು ಹೊತ್ತು ಬೇಕಾಯ್ತಾ ಅವನಿಗೆ?”

“ಗೊತ್ತಿಲ್ಲ ಅಂದನಲ್ಲ, ಅಲ್ಲಿಗೆ ನನಗೆ ಪೂರ್ತಿ ನಂಬಿಕೆ ಬಂತು,” ಅಂದಳು ಅಕ್ಕ. ಗರಗಸ ಎತ್ತಿಕೊಂಡು ಹೋಗಿ ತನ್ನ ಮಂಚದ ಕೆಳಗೆ ತಳ್ಳಿದಳು.

ಹೇಳಿ ಕಳಿಸಿದ ಕಸುಬಿನವನು ಬರುವವರೆಗೆ ಅವಳ ಹೊಲಿಗೆ ನಿಂತೇ ಹೋಯಿತು. ಗಿರಾಕಿಗಳ ಗೊಣಗಾಟ ಕೇಳಿಸಿಕೊಂಡಳು. ಕೊನೆಗೆ ಬಂದವನು ಮರದ ಸುತ್ತ ಒಂದು ಸುತ್ತು ಬಂದು, ಇಬ್ಬರನ್ನೂ ದೂರ ನಿಲ್ಲಿಸಿದ. ತಾನೂ ಬಿಲ್ಲಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು, ಬಾಗಿದ ಒಳಮೈಯನ್ನು ತೆಳ್ಳಗೆ, ಸಿಪ್ಪೆ ಹೆರೆದ ಹಾಗೆ ಹೆರೆಯುತ್ತ ಹೋದ. ಮರ ನರಳುತ್ತ ಇಷ್ಟಿಷ್ಟೇ ಕುಸಿಯಿತು. ಇನ್ನೇನು ಮುಗಿಯಿತು ಅನ್ನುವಾಗ ಉಳಿದಿದ್ದ ನಾರು ಪಟ್ಟನೆ ಹರಿದು, ತುಂಡು ಹಾರಿ ಗೋಡೆಗೆ ಬಡಿಯಿತು. ಎದೆಯೆತ್ತರದಲ್ಲಿ ಗಾರೆ ಉದುರಿ ಗುಳಿ ಬಿತ್ತು. ಅಷ್ಟು ಇಳಿಸಿದ ಮೇಲೂ ಅದರಲ್ಲಿ ಅಷ್ಟು ರೋಷ ಉಳಿದಿತ್ತು.

ತಮ್ಮ ಆ ಗುಳಿ ನೋಡಿದ, ತನ್ನ ಕೈ ನೋಡಿಕೊಂಡ.

ಸಂಜೆ ನಡೆದದ್ದನ್ನು ಗುಂಪಿಗೆ ಬರೆದ. ತಾನಾಗಿದ್ದರೆ ಒಂದೇ ಏಟಿಗೆ ಇಳಿಸುತ್ತಿದ್ದೆ ಎಂದು ಉಕ್ಕಿನ ಕೈ ಬರೆದ. ಹೆಬ್ಬೆರಳುಗಳು ಎದ್ದವು. ಗೂಬೆ ಕೇಳಿದ್ದು ಇಷ್ಟೇ: ‘ತಟ್ಟೆ ಇಟ್ಟಿರಾ?’

ತಮ್ಮ ‘ಇಟ್ಟಿದೆ’ ಎಂದು ಬರೆಯಲು ಹೊರಟ. ಅಕ್ಕ ಮಂಚದ ಕೆಳಗೆ ಬಗ್ಗಿ ನೋಡಿದಳು. ನೆಲದ ಮೇಲೆ ಎಣ್ಣೆ ಹರಡಿತ್ತು.

“ಮೊದಲು ಇಡು,” ಅಂದಳು. “ಆಮೇಲೆ ಬರಿ.”