ಇಳಿದು ಹೋಗಿ ಸಲಾಂ ಹೇಳಿದವರು

ಅವರ ಎಲ್ಲ ಅಂಗಿಗಳ ಎಡಜೇಬಿನ ಮೇಲೂ ಒಂದು ಚೌಕದ ಗುರುತಿತ್ತು. ದಿನಾ ಹಾಕುವ ನೀಲಿ ಅಂಗಿಯಿರಲಿ, ರಜೆಯ ಶುಕ್ರವಾರ ಇಗರ್ಜಿಗೆ ಹೋಗುವಾಗಿನ ಗೀಟಿನ ಅಂಗಿಯಿರಲಿ, ಜೇಬಿನ ಬಟ್ಟೆ ನಾಲ್ಕು ಅಂಚಿನಲ್ಲಿ ಸವೆದು ಒಳಗಿದ್ದ ವಸ್ತುವಿನ ಆಕಾರ ಹೊರಗೆ ಮೂಡಿರುತ್ತಿತ್ತು. ಒಳಗಿದ್ದದ್ದು ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಲೈಸೆನ್ಸು, ಬಸ್ಸಿನ ಕಾಗದ, ಮತ್ತು ಎಲ್ಲಕ್ಕಿಂತ ಮುಂದೆ ಬತಾಕಾ, ಅಂದರೆ ಕುವೈತಿನಲ್ಲಿ ನಮ್ಮಂಥವರು ಚಪ್ಪಲಿ ಮರೆತರೂ ಮರೆಯದ ಗುರುತಿನ ಚೀಟಿ. ಯೂನಿಫಾರಂ ತೊಟ್ಟ ಯಾರನ್ನು ಕಂಡರೂ ಅವರ ಬಲಗೈ ತಾನಾಗಿ ಆ ಜೇಬಿಗೆ ಹೋಗುತ್ತಿತ್ತು. ಒಮ್ಮೆ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತಿದ್ದ ನೇಪಾಳಿ ಸೆಕ್ಯೂರಿಟಿಯವನಿಗೂ ತೆಗೆದು ತೋರಿಸಿಬಿಟ್ಟರು. ಅವನು ಗಾಬರಿಯಾಗಿ ತನ್ನ ಬತಾಕಾ ತೆಗೆದು ಇವರಿಗೆ ತೋರಿಸಿದ. ನಾನು ಮನೆ ಮುಟ್ಟುವವರೆಗೂ ನಗುತ್ತಲೇ ಇದ್ದೆ.

ನಮ್ಮ ಕಂಪನಿಯ ಸ್ಟಾಫ್ ಬಸ್ಸಿನ ಡ್ರೈವರು ಅವರು. ಶಿರ್ವದ ಕಡೆಯ ಕೊಂಕಣಿ ಕ್ರೈಸ್ತರು. ಬಸ್ಸಿನಲ್ಲಿದ್ದ ಪಾಕಿಸ್ತಾನಿ ಫೋರ್‌ಮನ್ ಅವರನ್ನು ಉಸ್ತಾದ್ ಎಂದು ಕರೆಯುತ್ತಿದ್ದ, ಅದೇ ಎಲ್ಲರ ಬಾಯಲ್ಲೂ ನಿಂತಿತು. ಖೈತಾನಿನಿಂದ ಬೆಳಿಗ್ಗೆ ಐದೂವರೆಗೆ ಹೊರಟು ಫಿಂಟಾಸಿನ ಸೈಟಿಗೆ ನಮ್ಮನ್ನು ಮುಟ್ಟಿಸಬೇಕು. ನಾನು ಮಂಡ್ಯದವನು, ಹೊಸದಾಗಿ ಬಂದ ಸಿವಿಲ್ ಎಂಜಿನಿಯರು. ಬಸ್ಸಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಹಾಗಾಗಿ ಅವರ ಹಿಂದಿನ ಸೀಟು ಹನ್ನೊಂದು ವರ್ಷ ನನ್ನದೇ ಆಯಿತು. ನನ್ನ ಕನ್ನಡ ಅವರಿಗೆ ಒರಟು, ಅವರದ್ದು ನನಗೆ ಪುಸ್ತಕ ಓದಿದ ಹಾಗೆ. ದಿನವೂ ಇದೇ ಜಗಳ ಮಾಡಿಕೊಂಡು ಸೈಟು ಸೇರುತ್ತಿದ್ದೆವು.

ನನಗೆ ಕಾರು ಕಲಿಸಿದವರೂ ಅವರೇ. ಖೈತಾನಿನ ಹಿಂಭಾಗದ ಖಾಲಿ ಮರಳು ಮೈದಾನದಲ್ಲಿ ಶುಕ್ರವಾರ ಮಧ್ಯಾಹ್ನಗಳಲ್ಲಿ ಕಲಿಸಿದರು. ಕ್ಲಚ್ಚು ಗೇರುಗಳ ಪಾಠ ಎರಡು ವಾರದಲ್ಲಿ ಮುಗಿಯಿತು. ಪೊಲೀಸರ ಪಾಠಕ್ಕೆ ಒಂದು ತಿಂಗಳು ಹಿಡಿಯಿತು.

"ಪೊಲೀಸ್ ಕೈ ಮಾಡಿದ್ರೆ ಕೂತೇ ಇರ್ಬಾರ್ದು ಮಾರಾಯ್ರೇ. ಅವನು ಬಿಸಿಲಲ್ಲಿ ನಿಂತು ಬೆಂದಿರ್ತಾನೆ. ನಾವು ಏಸಿಯಲ್ಲಿ ಕೂತು ಗ್ಲಾಸ್ ಇಳಿಸಿ ಕೈ ಚಾಚಿದ್ರೆ ಅವನಿಗೆ ಪಿಸುರು ಬರುದಿಲ್ವಾ? ಇಳಿದು ನಾವೇ ಅವನ ಹತ್ರ ಹೋಗ್ಬೇಕು. ಸಲಾಂ ಅಲೈಕುಂ ಹೇಳ್ಬೇಕು. ಅವನು ಬತಾಕಾ ಕೇಳುವಾಗ ಅದು ಆಗ್ಲೇ ನಮ್ಮ ಕೈಯಲ್ಲಿ ಇರ್ಬೇಕು."

ಆಮೇಲೆ ತಾವೇ ಪೊಲೀಸರಾಗಿ ದೂರ ನಿಲ್ಲುತ್ತಿದ್ದರು. ನಾನು ಕಾರಿನಿಂದಿಳಿದು, ಮರಳಿನಲ್ಲಿ ನಡೆದು ಹೋಗಿ, ಸಲಾಂ ಹೇಳಿ ಬತಾಕಾ ಕೊಡಬೇಕು. ನಾನು ನಿಧಾನ ಮಾಡಿದರೆ "ಎಂತ, ಮದುವೆ ದಿಬ್ಬಣ ಬರ್ತಾ ಉಂಟಾ? ಬೇಗ ಬನ್ನಿ, ಬೇಗ! ಕಾಯಿಸಿದಷ್ಟು ಅವನಿಗೆ ಸಂಶಯ" ಎಂದು ಮತ್ತೆ ಕಾರಿಗೆ ಓಡಿಸುತ್ತಿದ್ದರು.

ಇದೆಲ್ಲ ನನಗೆ ಆಗ ಅತಿಯೆನಿಸುತ್ತಿತ್ತು. ಮೈ ಬಗ್ಗಿಸಿ ಬದುಕುವ ಗುಲಾಮಗಿರಿ ಎಂದು ಮುಖದ ಮೇಲೆಯೇ ಹೇಳಿದ್ದೆ. ಆಗ ಅವರು ಯುದ್ಧದ ವರ್ಷದ ಮಾತು ತೆಗೆದರು. ಇರಾಕಿನ ಸೈನ್ಯ ಊರೊಳಗಿದ್ದಾಗ ಇಪ್ಪತ್ತೆರಡು ಜನರನ್ನು ಬಸ್ಸಿನಲ್ಲಿ ತುಂಬಿಕೊಂಡು ಗಡಿಯ ಕಡೆಗೆ ಹೊರಟಿದ್ದರಂತೆ. ಒಂದು ತಪಾಸಣೆಯ ಕಡೆ ಮೀಸೆ ಮೂಡದ ಸೈನಿಕನೊಬ್ಬ ಬಂದೂಕು ಎತ್ತಿಕೊಂಡು ಕಿರುಚಾಡತೊಡಗಿದ. ಬಸ್ಸಿನಲ್ಲಿ ಹೆಂಗಸರು ಅಳುತ್ತಿದ್ದರು. ಇವರು ಇಳಿದು, ಜೇಬಿನಿಂದ ಬತಾಕಾ ತೆಗೆದು, ಸಲಾಂ ಹೇಳಿ ಅವನ ಎದುರು ಹೋಗಿ ನಿಂತರು. ಅವನ ಬಂದೂಕು ಕೆಳಗಿಳಿಯಿತಂತೆ. ನೀರಿದೆಯೇ ಎಂದು ಅವನೇ ಕೇಳಿದನಂತೆ.

"ಬಂದೂಕು ಹಿಡಿದವನಿಗೆ ನಮಗಿಂತ ಜಾಸ್ತಿ ಹೆದರಿಕೆ. ಅವನ ಹೆದರಿಕೆ ನಾವು ಮೊದಲು ಇಳಿಸ್ಬೇಕು. ಅಷ್ಟೇ ಇರುದು."

ಕುವೈತಿನ ಪೊಲೀಸರೇನು ದೇವತೆಗಳಲ್ಲ. ಇಕಾಮಾ, ಅಂದರೆ ವಾಸದ ಪರವಾನಗಿ, ಹೊಸದು ಮಾಡಿಸಲು ಒಂದು ದಿನ ತಡವಾದದ್ದಕ್ಕೆ ಸಿಕ್ಕಿಬಿದ್ದು, ಉಟ್ಟ ಬಟ್ಟೆಯಲ್ಲೇ ವಿಮಾನ ಹತ್ತಿದವರನ್ನು ನಾನು ಬಲ್ಲೆ. ನನ್ನ ಕಣ್ಣೆದುರೇ ಒಬ್ಬ ಬಂಗಾಳಿ ಹುಡುಗನ ಕೆನ್ನೆಗೆ ಬಿದ್ದದ್ದೂ ಉಂಟು. ಆದರೆ ಉಸ್ತಾದರ ಪಾಠ ಹಿಡಿದವನಿಗೆ ಇಷ್ಟು ವರ್ಷಗಳಲ್ಲಿ ಒಂದು ಬಿರುಸು ಮಾತೂ ಬೀಳಲಿಲ್ಲ. ಆ ಪಾಠ ಭೂಮಿಯ ಮೇಲೆ ಎಲ್ಲಿಯಾದರೂ ನಡೆಯುತ್ತದೆ ಎಂದು ನಾನೂ ನಂಬತೊಡಗಿದ್ದೆ.

ಅವರಿಗೆ ಒಬ್ಬಳೇ ಮಗಳು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು, ಮದುವೆಯಾದ ಮೇಲೆ ಗಂಡನೊಂದಿಗೆ ಅಮೆರಿಕಕ್ಕೆ ಹೋಗಿದ್ದಳು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ಅವರು ಬಸ್ಸಿನಲ್ಲಿದ್ದವರಿಗೆಲ್ಲ ಖುಬ್ಬೂಸ್ ರೊಟ್ಟಿಯ ಮೇಲೆ ಸಕ್ಕರೆ ಹಾಕಿ ಹಂಚಿದರು. ಬೇರೇನೂ ಕೈಗೆ ಸಿಕ್ಕಿರಲಿಲ್ಲ. ಮಗುವಿನ ನಾಮಕರಣಕ್ಕೆ ಅಜ್ಜ ಬರಲೇಬೇಕೆಂದು ಮಗಳು ಹಟ ಹಿಡಿದಳು. ವೀಸಾದ ಅರ್ಜಿ ತುಂಬಿಸಿಕೊಟ್ಟವನು ನಾನು.

ಹೊರಡುವ ಹಿಂದಿನ ದಿನ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಾ ಕೇಳಿದರು, "ಅಲ್ಲಿ ಪೊಲೀಸರು ಹೇಗೆ ಮಾರಾಯ್ರೇ?"

ನಾನು ಅಮೆರಿಕ ನೋಡಿದವನಲ್ಲ. ಅಲ್ಲಿ ನೆಂಟರೂ ಇಲ್ಲ. ಆದರೂ ಬಾಯಿ ಬಿಟ್ಟೆ. "ಅಯ್ಯೋ, ಅಲ್ಲಿ ಕಾನೂನು ಅಂದ್ರೆ ಕಾನೂನು ಉಸ್ತಾದ್. ಇಲ್ಲಿಯ ಹಂಗಲ್ಲ. ತಪ್ಪು ಮಾಡದೇ ಇರೋವ್ರನ್ನ ಮುಟ್ಟೋದೇ ಇಲ್ಲ. ನೀವು ಇಲ್ಲಿ ಹೆಂಗಿರ್ತೀರೋ ಅಲ್ಲೂ ಹಂಗೇ ಮರ್ಯಾದೆಯಿಂದ ಇದ್ಬಿಡಿ, ಸಾಕು."

"ಹಾಗಾದ್ರೆ ಆಯ್ತು" ಎಂದು ಅವರು ಲೋಟ ಕೆಳಗಿಟ್ಟರು.

ಅಲ್ಲಿ ನಡೆದದ್ದನ್ನು ನಾನು ಮಗಳ ಬಾಯಿಂದ ಫೋನಿನಲ್ಲಿ ಕೇಳಿದೆ. ಭಾನುವಾರ ಇಗರ್ಜಿಯಲ್ಲಿ ನಾಮಕರಣ ಮುಗಿಸಿ ಮನೆಗೆ ಹೊರಟಿದ್ದಾರೆ. ಅಳಿಯ ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ಉಸ್ತಾದ್, ಹಿಂದೆ ಮಗಳು ಮತ್ತು ಮಗು. ಹಿಂದಿನ ದೀಪವೊಂದು ಉರಿಯುತ್ತಿಲ್ಲವೆಂದು ಪೊಲೀಸ್ ಕಾರೊಂದು ಬೆನ್ನು ಹತ್ತಿ ನಿಲ್ಲಿಸಿತು. ಅಳಿಯ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಅಲ್ಲಾಡದೆ ಕೂತ. ಪೊಲೀಸನು ಬಿಸಿಲಲ್ಲಿ ನಡೆದು ಬರುವ ತನಕ ಅಳಿಯ ಹೀಗೆ ಕೂತಿರುವುದು ಉಸ್ತಾದರಿಗೆ ಅವಮರ್ಯಾದೆ ಕಂಡಿರಬೇಕು. ಮಗಳು ಬೇಡ ಎನ್ನುವಷ್ಟರಲ್ಲಿ ಬಾಗಿಲು ತೆಗೆದು ಇಳಿದರು.

ಇಳಿದು, ಕೈಯನ್ನು ಎಡಜೇಬಿಗೆ ಹಾಕಿಕೊಂಡು, ಪೊಲೀಸನ ಕಡೆ ನಡೆದರು.

ಅವನು ಕಿರುಚಿದ. ಅವರಿಗಿದ್ದ ಬಸ್ಸಿನ ಇಂಗ್ಲಿಷಿಗೆ ಆ ಕಿರುಚಾಟ ಅರ್ಥವಾಗಲಿಲ್ಲ. ಕಾಯಿಸಿದ್ದಕ್ಕೆ ಸಿಟ್ಟು ಬಂದಿದೆ ಎಂದು ತಿಳಿದು ಹೆಜ್ಜೆ ಬೇಗ ಹಾಕಿದರು. ಆ ಬೇಗವನ್ನು ನನಗೆ ಮರಳಿನಲ್ಲಿ ಎಷ್ಟು ಸಲ ಅಭ್ಯಾಸ ಮಾಡಿಸಿದ್ದರು! ಪ್ಲಾಸ್ಟಿಕ್ ಕವರು ಹೊರಗೆ ಎಳೆದು "ಸಲಾಂ ಅಲೈಕುಂ" ಎಂದರು. ಕ್ರಿಸ್ತನ ಗುಡಿಯಿಂದ ಮೊಮ್ಮಗಳಿಗೆ ಹೆಸರಿಟ್ಟು ಬಂದ ಮುದುಕ ಅವರು. ಕುವೈತಿನಲ್ಲಿ ಮೂವತ್ತು ವರ್ಷ ಎಲ್ಲ ಪೊಲೀಸರಿಗೂ ಹೇಳಿದ ನಮಸ್ಕಾರವನ್ನೇ ಅವನಿಗೂ ಹೇಳಿದ್ದರು.

ಪೊಲೀಸನ ಬಂದೂಕು ಹೊರಬಂದಿತ್ತು. ಇನ್ನೊಬ್ಬ ಪೊಲೀಸ್ ಪಕ್ಕದಿಂದ ಬಂದು ಅವರನ್ನು ರಸ್ತೆಗೆ ಕೆಡವಿ ಬೆನ್ನ ಮೇಲೆ ಮೊಣಕಾಲಿಟ್ಟು ಬಲಗೈಯನ್ನು ಹಿಂದಕ್ಕೆ ತಿರುಚಿದ. ಭುಜ ಕಳಚಿತು, ಮಣಿಕಟ್ಟು ಎರಡು ಕಡೆ ಮುರಿಯಿತು. ಮಗಳು ಕಾರೊಳಗಿನಿಂದ "ಪಪ್ಪಾ ಹಂದಬೇಡಿ, ಅಲ್ಲಾಡಬೇಡಿ" ಎಂದು ಕೂಗುತ್ತಿದ್ದಳು. ಅವಳು ನರ್ಸು. ಕೈ ಮುರಿದದ್ದು ಅವಳಿಗೆ ಕೂತಲ್ಲಿಂದಲೇ ಗೊತ್ತಾಗಿತ್ತು. ಇಳಿಯುವ ಹಾಗಿರಲಿಲ್ಲ.

ಕಾಗದವೆಲ್ಲ ನೋಡಿದ ಮೇಲೆ ಅವರ ತಪ್ಪೇನೂ ಇಲ್ಲವೆಂದು ಬಿಟ್ಟುಬಿಟ್ಟರು. ಅಳಿಯನಿಗೆ ದೀಪದ ದಂಡದ ಚೀಟಿ ಕೊಟ್ಟರು. ಮಗಳು ಒಂದು ದೂರು ಬರೆದಳು. ಪೊಲೀಸರು ನಿಯಮದ ಪ್ರಕಾರವೇ ನಡೆದುಕೊಂಡಿದ್ದಾರೆ ಎಂದು ಉತ್ತರ ಬಂತು. ಮಗಳು ಅಳಿಯನ ಕಾಯಂ ವಾಸದ ಅರ್ಜಿ ಇನ್ನೂ ಮೇಜಿನ ಮೇಲಿತ್ತು, ಹಾಗಾಗಿ ಗಂಡ ಹೆಂಡತಿ ಅಲ್ಲಿಗೇ ಸುಮ್ಮನಾದರು.

"ಇಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತುಂಟು ಅಂಕಲ್" ಎಂದು ಮಗಳು ಫೋನಿನಲ್ಲಿ ಅತ್ತಳು. "ನನ್ನ ಜೊತೆ ಕೆಲಸ ಮಾಡುವ ಕಪ್ಪು ಜನರ ನರ್ಸ್ ಒಬ್ಬರಿದ್ದಾರೆ. ತನ್ನ ಗಂಡುಮಕ್ಕಳಿಗೆ ಹತ್ತು ವರ್ಷಕ್ಕೇ ಕಲಿಸಿದ್ದಾರಂತೆ, ಕೈ ಎಲ್ಲಿ ಇಡ್ಬೇಕು, ಹೇಗೆ ಕೂರ್ಬೇಕು ಅಂತ. ಪೊಲೀಸ್ ನಿಲ್ಲಿಸಿದ್ರೆ ಜೀವ ಉಳಿಸಿಕೊಂಡು ಮನೆಗೆ ಬಂದ್ರೆ ಸಾಕು ಅಂತಾರೆ. ಅವರು ನನ್ನ ಹತ್ರ ಕೇಳಿದ್ರು, ನಿನ್ನ ಅಪ್ಪನಿಗೆ ಯಾರೂ ಹೇಳಿಕೊಡ್ಲಿಲ್ವಾ ಅಂತ."

ಕೈ ಈಗ ಹೇಗಿದೆ ಎಂದು ಕೇಳಿ ನಾನು ಫೋನು ಇಟ್ಟೆ.

ಕೈಗೆ ಪಟ್ಟಿ ಕಟ್ಟಿಕೊಂಡು ಅವರು ಕುವೈತಿಗೆ ಮರಳಿದರು. ಇಲ್ಲಿ ಗೇರು ಬಲಗೈಯ ಕಡೆ. ಆ ಕೈಗೆ ಚಹಾದ ಲೋಟವೂ ಭಾರವಾಗಿತ್ತು. ಕಂಪನಿಯವರು ಮೂರು ತಿಂಗಳು ಸ್ಟೋರಿನಲ್ಲಿ ಕೂರಿಸಿದರು. ಬಸ್ಸಿಗೆ ಹೊಸ ಡ್ರೈವರು ಬಂದ. ಆಸ್ಪತ್ರೆಗೆ ವಾರಕ್ಕೊಮ್ಮೆ ನಾನೇ ನನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಮೊದಲೆಲ್ಲ ನನ್ನ ಡ್ರೈವಿಂಗಿಗೆ ಹತ್ತು ತಪ್ಪು ಹುಡುಕುತ್ತಿದ್ದವರು ಈಗ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದರು. ಜೇಬು ಖಾಲಿಯಾಗಿತ್ತು. ಬತಾಕಾವನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದರು, ಕೈ ಎತ್ತದೆಯೇ ಎಲ್ಲರಿಗೂ ಕಾಣುವ ಹಾಗೆ.

ಒಂದು ಬೆಳಿಗ್ಗೆ ಖೈತಾನಿನ ತಿರುವಿನಲ್ಲಿ ಚೆಕಿಂಗ್ ಇತ್ತು. ಪೊಲೀಸನೊಬ್ಬ ನನಗೆ ಕೈ ಮಾಡಿದ. ನಾನು ಎಂದಿನಂತೆ ಕಾರು ಬದಿಗೆ ಹಾಕಿ ಬಾಗಿಲಿಗೆ ಕೈಯಿಟ್ಟೆ.

"ಇಳಿಬೇಡಿ" ಎಂದರು ಉಸ್ತಾದ್.

"ಏನಿಲ್ಲ ಉಸ್ತಾದ್, ಬತಾಕಾ ತೋರಿಸ್ಬಿಟ್ಟು ಬರ್ತೀನಿ" ಎಂದು ಇಳಿದು ಹೋದೆ. ಸಲಾಂ ಹೇಳಿದೆ, ಬತಾಕಾ ಕೊಟ್ಟೆ. ಹುಡುಗನಂತಿದ್ದ ಆ ಪೊಲೀಸ್ ಕಾರಿನೊಳಗೆ ಬಗ್ಗಿ ನೋಡಿ, ನಿಮ್ಮವರಿಗೆ ಮೈ ಸರಿಯಿಲ್ಲವೇ ಎಂದು ಅರಬಿಯಲ್ಲಿ ಕೇಳಿದ. ನಾನು ತಿರುಗಿ ನೋಡಿದೆ. ಎಡಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಅಗಲಿಸಿ ಇಟ್ಟಿದ್ದರು. ಎತ್ತಲಾಗದ ಬಲಗೈಯನ್ನೂ ಹೇಗೋ ಮೇಲೆ ತಂದು ಅದರ ಪಕ್ಕ ಇಟ್ಟುಕೊಂಡಿದ್ದರು. ಬಾಯಿ ತೆರೆದಿತ್ತು. ಪ್ಯಾಂಟು ಒದ್ದೆಯಾಗಿತ್ತು.

"ಮಾಫಿ ಮುಷ್ಕಿಲ್, ಯಲ್ಲಾ", ಏನೂ ತೊಂದರೆಯಿಲ್ಲ ಹೊರಡಿ, ಎಂದು ಪೊಲೀಸ್ ಬೇಗ ಬೇಗ ಬತಾಕಾ ವಾಪಸು ಕೊಟ್ಟು ಮುಖ ತಿರುಗಿಸಿಕೊಂಡ.

ಕಾರು ಹೊರಟ ಮೇಲೆ ಉಸ್ತಾದ್ ನನ್ನ ಮೇಲೆ ಕೂಗಾಡಿದರು. ಅಷ್ಟು ವರ್ಷಗಳಲ್ಲಿ ಅದು ಮೊದಲ ಸಲ. "ಇಳಿಬೇಡಿ ಹೇಳಿದ್ದು ಕೇಳ್ಲಿಲ್ವಾ ನಿಮಗೆ? ಕಿವಿ ಇಲ್ವಾ?"

"ನೀವೇ ಅಲ್ವಾ ಕಲಿಸಿದ್ದು..."

"ನಾನು ಕಲಿಸಿದ್ದು ತಪ್ಪು. ಎಲ್ಲ ತಪ್ಪು. ಮರೆತುಬಿಡಿ."

ಆಸ್ಪತ್ರೆಗೆ ಹೋಗಲಿಲ್ಲ. ಬಟ್ಟೆ ಬದಲಿಸಲು ಮನೆಗೇ ಹೋದೆವು. ಮೆಟ್ಟಿಲ ಬಳಿ ನಿಂತು, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದರು, "ನಾನು ಸಲಾಂ ಹೇಳಿದ್ದೆ ಮಾರಾಯ್ರೇ. ಅವನಿಗೆ ಕೇಳಿಸ್ಲಿಲ್ವಾ ಏನೋ?"

ನನ್ನ ಮನೆಯಲ್ಲಿ ಚಹಾ ಕುಡಿಯುತ್ತಾ ನಾನಾಡಿದ ಮಾತನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ಮರೆತಿದ್ದರೆಂದು ನಾನು ನಂಬುವುದಿಲ್ಲ. ಒಂದು ಸಲ ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅವರು ಬೈಯಲಿಲ್ಲ, ನಾನಾಗಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಕಂಪನಿ ಖಲಾಸ್ ಅಂದಿತು. ಅವರು ಊರಿಗೆ, ತಮ್ಮನ ಮನೆಗೆ ಹೋದರು. ಮಗಳು ತನ್ನ ಬಳಿಗೆ ಬರಲು ಎಷ್ಟು ಕರೆದರೂ ಹೋಗಲಿಲ್ಲ. ಮಗುವನ್ನು ಕರೆದುಕೊಂಡು ನೀನೇ ಬಾ ಎನ್ನುತ್ತಿದ್ದರು. ಅರ್ಜಿ ಇತ್ಯರ್ಥವಾಗದೆ ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅಂಜಿಕೆ ಅವಳಿಗೆ. ಹಾಗೆಯೇ ಎರಡು ವರ್ಷ ಕಳೆಯಿತು. ಸ್ಟೇಷನ್ನಿನ ಜೀಪು ರಸ್ತೆಯಲ್ಲಿ ಹೋದರೂ ಒಳಕೋಣೆಗೆ ಹೋಗಿ ಕೂರುತ್ತಾರೆ ಎಂದು ಅವರ ತಮ್ಮ ಒಮ್ಮೆ ಫೋನಿನಲ್ಲಿ ಹೇಳಿದ್ದರು. ಆಮೇಲೆ ಎದೆನೋವು ಬಂದು, ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಮೊಮ್ಮಗಳನ್ನು ಅವರು ಎತ್ತಿಕೊಂಡದ್ದು ನಾಮಕರಣಕ್ಕೆ ಮುಂಚೆ ಅಮೆರಿಕದಲ್ಲಿದ್ದ ಒಂದು ವಾರ ಮಾತ್ರ, ಕೈ ಸರಿಯಿದ್ದಾಗ.

ಸುದ್ದಿ ಕೇಳಿ ಮಗಳಿಗೆ ಫೋನು ಮಾಡಿದೆ. ಅಂತ್ಯಕ್ರಿಯೆಗೂ ಅವಳಿಗೆ ಹೋಗಲಾಗಿರಲಿಲ್ಲ. ತುಂಬ ಹೊತ್ತು ಅತ್ತಮೇಲೆ ಅಂದಳು, "ಹೊರಡುವ ಮೊದಲು ಪಪ್ಪನಿಗೆ ಅಲ್ಲಿ ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ ಅಂಕಲ್..."

"ಹೌದಮ್ಮ" ಎಂದೆ. "ಯಾರಾದ್ರೂ ಹೇಳ್ಬೇಕಿತ್ತು."

ನಾನು ಈಗಲೂ ಕುವೈತಿನಲ್ಲಿ ಕಾರು ಓಡಿಸುತ್ತೇನೆ. ಒಂದು ಗೀರೂ ಬಿದ್ದಿಲ್ಲ. ಅದು ಅವರ ಋಣ. ಪೊಲೀಸರು ಕೈ ಮಾಡಿದಾಗ ಇಳಿಯಲು ಬಾಗಿಲಿಗೆ ಕೈ ಹಾಕುತ್ತೇನೆ, ಇಳಿಬೇಡಿ ಎಂಬ ಅವರ ಕೂಗು ಕೇಳಿಸುತ್ತದೆ, ಕೈ ಅರ್ಧದಲ್ಲಿ ನಿಲ್ಲುತ್ತದೆ. ಆ ಮಗಳು ಇದನ್ನು ಎಂದಾದರೂ ಓದಿದರೆ ಓದಲಿ. ನಿನ್ನ ಅಪ್ಪನಿಗೆ ಯಾರೂ ಹೇಳಿಕೊಡಲಿಲ್ಲವೇ ಎಂದು ಆ ನರ್ಸ್ ಕೇಳಿದ್ದರಲ್ಲ, ಅವರಿಗೆ ತಿಳಿಸು ತಾಯಿ. ಹೇಳಿಕೊಟ್ಟಿದ್ದರು. ನಾನೇ ಹೇಳಿಕೊಟ್ಟಿದ್ದೆ.