ಹರಿಣಾಕ್ಷಿ ಓದಿ ಹೇಳಿದ್ದು

ಉಚ್ಚಿಲದ ಹರಿಣಾಕ್ಷಿ ಇಪ್ಪತ್ತು ವರ್ಷಗಳಿಂದ ಮೀನು ಮಾರುವವಳು. ಗಂಡ ಗಣಪ ಬೋಟಿಗೆ ಹೋಗುತ್ತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ; ಮೊಬೈಲಿಗೆ ಬಂದದ್ದನ್ನೆಲ್ಲ ಅವಳೇ ಓದಿ ಹೇಳಬೇಕು.

ಒಂದು ದಿನ ಮೀನಿನ ಹೆಂಗಸರ ವಾಟ್ಸಾಪ್ ಗುಂಪಿಗೆ ಅಪ್ಪಿ ಒಂದು ಸಂದೇಶ ಹಾಕಿದಳು. ಅಪ್ಪಿ ಮಾರುಕಟ್ಟೆಯಲ್ಲಿ ಹರಿಣಾಕ್ಷಿಯ ಪಕ್ಕದಲ್ಲೇ ಕೂರುವವಳು, ವಯಸ್ಸಿನಲ್ಲಿ ಹಿರಿಯಳು. ಯಾವುದೋ ಸೊಪ್ಪಿನ ಕಷಾಯ ಹತ್ತು ದಿನ ಕುಡಿದರೆ ಬಿಪಿಗೆ ಮಾತ್ರೆಯೇ ಬೇಡ ಎಂದು ಅದರಲ್ಲಿತ್ತು. ಕೆಳಗೆ ಡಾಕ್ಟರೊಬ್ಬರ ಹೆಸರೂ ಇತ್ತು. ಬಿಪಿಗೆ ದಿನಾ ಮಾತ್ರೆ ನುಂಗುತ್ತಿದ್ದ ಗಣಪನಿಗೆ ಅದೆಂದರೆ ಮೊದಲೇ ಬೇಸರ. "ಡಾಕ್ಟರೇ ಹೇಳಿದ್ದಲ್ವಾ, ಮತ್ತೆಂತ?" ಎಂದು ಆ ದಿನದಿಂದಲೇ ಮಾತ್ರೆ ಬಿಟ್ಟ. ಕಷಾಯ ಕುದಿಸಿ ಕೊಟ್ಟವಳೂ ಹರಿಣಾಕ್ಷಿಯೇ.

ಒಂಬತ್ತನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಬಲೆ ಬಿಡಿಸುತ್ತಿದ್ದವನು ಪಕ್ಕಕ್ಕೆ ವಾಲಿದ. ಬಾಯಿ ಸೊಟ್ಟಗಾಗಿತ್ತು. ಮಣಿಪಾಲದ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಮಾತು ನಿಂತಿತ್ತು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಆರು ದಿನ ಇದ್ದ, ಅಷ್ಟೆ.

ಉತ್ತರಕ್ರಿಯೆ ಮುಗಿದ ಮೇಲೆ ಆರೋಗ್ಯ ಕೇಂದ್ರದ ನರ್ಸ್ ವೆರೊನಿಕಾ ಮನೆಗೆ ಬಂದರು. "ಮಾತ್ರೆ ಯಾಕೆ ನಿಲ್ಲಿಸಿದ್ದು?" ಎಂದು ಮೆಲ್ಲನೆ ಕೇಳಿದರು. ಹರಿಣಾಕ್ಷಿ ಮೊಬೈಲು ತೋರಿಸಿದಳು. ವೆರೊನಿಕಾ ಬೈಯಲಿಲ್ಲ. ಓದಿ, "ಇನ್ನೂ ಎಷ್ಟು ಜನ ಇದನ್ನು ಕುಡಿಯುತ್ತಿದ್ದಾರೋ" ಎಂದರು.

ಅಲ್ಲಿಯವರೆಗೆ ಹರಿಣಾಕ್ಷಿಯ ತಲೆಯಲ್ಲಿದ್ದದ್ದು ತನ್ನ ತಪ್ಪು, ಅಪ್ಪಿಯ ತಪ್ಪು, ಇವೆರಡೇ. ವೆರೊನಿಕಾ ಹೋದ ಮೇಲೆ ಗುಂಪು ತೆರೆದು ತುಳುವಿನಲ್ಲೇ ಮಾತಾಡಿ ಕಳಿಸಿದಳು: "ನಾನು ಹರಿಣಾಕ್ಷಿ. ಆ ಕಷಾಯದ ವಿಷಯ ನಮ್ಮವರಿಗೆ ಓದಿ ಹೇಳಿದ್ದು ನಾನು. ಅವರು ಮಾತ್ರೆ ಬಿಟ್ಟರು, ಈಗ ಅವರಿಲ್ಲ. ನೀವು ಯಾರಾದರೂ ಬಿಟ್ಟಿದ್ದರೆ ಇವತ್ತೇ ಹೋಗಿ ಸಿಸ್ಟರ್ ಹತ್ತಿರ ತೋರಿಸಿ." ಅಪ್ಪಿಯ ಹೆಸರು ಎತ್ತಲಿಲ್ಲ.

ಮರುದಿನ ಅಪ್ಪಿ ಬಂದು ಬಾಗಿಲಲ್ಲಿ ನಿಂತಳು.

"ನಾನೂ ಅದನ್ನೇ ಕುಡಿಯುತ್ತಿದ್ದೇನೆ ಹರಿಣಾಕ್ಷಿ. ಮಾತ್ರೆ ಬಿಟ್ಟು ತಿಂಗಳಾಯಿತು. ನಾಲ್ಕು ಜನರಿಗೆ ಒಳ್ಳೆಯದಾಗಲಿ ಎಂದು ಹಾಕಿದ್ದು."

ಅವಳನ್ನು ಕಂಡರೆ ಏನೇನೋ ಹೇಳಬೇಕೆಂದು ಇಷ್ಟು ದಿನ ಎಣಿಸಿಕೊಂಡಿದ್ದ ಹರಿಣಾಕ್ಷಿ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು.

"ಬನ್ನಿ ಅಕ್ಕ, ಹೋಗುವ," ಎಂದು ಚಪ್ಪಲಿ ಹಾಕಿಕೊಂಡಳು.

ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿದ ವೆರೊನಿಕಾ ಅಪ್ಪಿಯನ್ನು ಕುರ್ಚಿಯಿಂದ ಏಳಲು ಬಿಡದೆ ಡಾಕ್ಟರನ್ನು ಕರೆದರು. ಅಪ್ಪಿ ಉಳಿದಳು. ಆ ವಾರ ಗುಂಪಿನ ಇನ್ನೂ ಮೂವರು ಹೆಂಗಸರು ಕೇಂದ್ರಕ್ಕೆ ಬಂದು, ಮಾತ್ರೆ ಬಿಟ್ಟದ್ದು ಹೌದು ಎಂದು ಒಪ್ಪಿಕೊಂಡರು.

ಈಗ ವೆರೊನಿಕಾ ಕೂಡ ಆ ಗುಂಪಿನಲ್ಲಿದ್ದಾರೆ. ಔಷಧದ ಸಂದೇಶ ಏನು ಬಂದರೂ ಹೆಂಗಸರು "ಸಿಸ್ಟರ್, ಇದು ಸರಿ ಉಂಟಾ?" ಎಂದು ಕೇಳುತ್ತಾರೆ. ಹರಿಣಾಕ್ಷಿ, ಅಪ್ಪಿ ಇಬ್ಬರೂ ಪಕ್ಕಪಕ್ಕದಲ್ಲೇ ಮೀನಿಗೆ ಕೂರುತ್ತಾರೆ. ಮೊದಲಿನಷ್ಟು ಮಾತಿಲ್ಲ.